ಹತ್ತನೆಯ ಬುಗುರಿ

ನನಗೆ ಸಿಟ್ಟು ಬೇಗ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅತ್ತೆ ಇದನ್ನು ಕಂಡುಕೊಂಡು, ಈ ಹುಡುಗಿ ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಬಂದಿದೆ ಎಂದು ನೆರೆಮನೆಗೆಲ್ಲ ಹೇಳಿ ಮುಗಿಸಿದ್ದರು. ಸುಳ್ಳೇನಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡ ದಿನಗಳು ನನ್ನ ಬದುಕಿನಲ್ಲಿ ಬೆರಳೆಣಿಕೆಗೂ ಸಿಗುವುದಿಲ್ಲ. ಆದರೆ ಬಾಯಿ ಬಿಡಲೇಬೇಕಾಗಿದ್ದ ಒಂದು ಹೊತ್ತಿನಲ್ಲಿ, ಇನ್ನೂರು ಜನರ ಎದುರು, ನಾನು ಬಾಯಿ ಕಟ್ಟಿದವಳಂತೆ ನಿಂತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಇದ್ದದ್ದು ಕೊಟ್ಟಿಗೆಹಾರದಿಂದ ಮೂಡಿಗೆರೆಗೆ ಹೋಗುವ ರಸ್ತೆಯ ಬದಿಯಲ್ಲಿ. ಮಾವ ಮರ ಕಡೆಯುವ ಕಸುಬಿನವರು. ಮಂಚದ ಕಾಲು, ತೊಟ್ಟಿಲಿನ ಸರಳು, ಲಟ್ಟಣಿಗೆ, ಮಜ್ಜಿಗೆಯ ಕಡಗೋಲು, ದೊರೆಗಳ ಬಂಗಲೆಯ ಮೆಟ್ಟಿಲಿನ ಕಟಕಟೆ, ಹೀಗೆ ಮರದಲ್ಲಿ ಯಾವುದು ದುಂಡಗಿರಬೇಕೋ ಅದೆಲ್ಲ ಅವರ ತಿರುಗಣಿಯಿಂದ ಬರಬೇಕು. ತಿರುಗಣಿ ಎಂದರೆ ದೊಡ್ಡ ಯಂತ್ರವೇನಲ್ಲ. ನೆಲದಲ್ಲಿ ಹುಗಿದ ಎರಡು ಗಿಡ್ಡ ಕಂಬ, ಎರಡಕ್ಕೂ ಒಂದೊಂದು ಕಬ್ಬಿಣದ ಮೊನೆ. ಮೊನೆಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತಿ, ಒಬ್ಬರು ಹಗ್ಗದ ಎರಡು ತುದಿ ಹಿಡಿದು ಆ ಕೈ ಈ ಕೈ ಎಳೆಯುತ್ತಿರಬೇಕು. ಮರ ಗಿರ್ರೆಂದು ತಿರುಗುವಾಗ ಎದುರಿಗೆ ಕೂತವರು ಉಳಿ ಕೊಟ್ಟು ಕಡೆಯುತ್ತಾರೆ. ಹಗ್ಗ ಹೆಂಗಸರದು, ಉಳಿ ಗಂಡಸರದು. ಹೆಂಗಸು ಉಳಿ ಹಿಡಿದರೆ ಅದರ ಮೊನಚು ಹೋಗುತ್ತದೆ ಎಂದು ನಮ್ಮವರಲ್ಲಿ ಒಂದು ಮಾತು. ಮೊನಚು ಹೋಗುವುದು ಉಳಿಯದ್ದೋ ಗಂಡಸರ ಮೀಸೆಯದ್ದೋ, ನಾನಂತೂ ಆಗ ಕೇಳುವ ಧೈರ್ಯ ಮಾಡಲಿಲ್ಲ.

ನಮ್ಮ ಯಜಮಾನರು ಯುದ್ಧ ಶುರುವಾದ ಮೇಲೆ ಮಿಲಿಟರಿಯಲ್ಲಿ ಮರಗೆಲಸಕ್ಕೆ ಸೇರಿ ಹೋಗಿದ್ದರು. ಮೂರು ತಿಂಗಳಿಗೊಂದು ಕಾಗದ ಬಂದರೆ ಅದೇ ಹಬ್ಬ. ಮನೆಯಲ್ಲಿ ಉಳಿದವರು ಮಾವ, ಅತ್ತೆ, ನಾನು. ಅತ್ತೆಗೆ ಸೊಂಟ ಹಿಡಿದುಕೊಂಡಿದ್ದರಿಂದ ಹಗ್ಗ ನನ್ನ ಪಾಲಿಗೆ ಬಂತು. ನಾಲ್ಕು ವರ್ಷ ಮಾವನ ಎದುರಿಗೆ ಕೂತು ಎಳೆದಿದ್ದೇನೆ. ಎಳೆಯುವವಳ ಕೈಗೆ ಕೆಲಸ, ಕಣ್ಣಿಗೆ ಬಿಡುವು. ಆ ಬಿಡುವಿನಲ್ಲಿ ನನ್ನ ಕಣ್ಣು ಅವರ ಕೈಯನ್ನು ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲ.

ಇನ್ನು ಬುಗುರಿಯ ವಿಷಯ. ಕಾಫಿ ಕೊಯ್ಲು ಮುಗಿದು, ಪಾರ್ಚ್‌ಮೆಂಟ್ ಬೀಜದ ಚೀಲಗಳೆಲ್ಲ ಗಾಡಿ ಹತ್ತಿ ಹೋಗಿ, ಎಸ್ಟೇಟಿನ ಕಾಫಿ ಕಣ ಖಾಲಿಯಾದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುಂಚೆ, ಆ ಕಣದಲ್ಲಿ ಬುಗುರಿಯಾಟ ನಡೆಯುತ್ತಿತ್ತು. ಮಕ್ಕಳಾಟ ಅಂದುಕೊಳ್ಳಬೇಡಿ. ಆಡುವವರೆಲ್ಲ ಮೀಸೆ ಬಂದವರು. ಒಂದು ಕಡೆ ಊರಿನವರು, ಅವರಿಗೆ ಮುಂದಾಳು ಪಕ್ಕದ ತೋಟದ ಗೌಡರು. ಇನ್ನೊಂದು ಕಡೆ ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದವರು, ಅವರಿಗೆ ಮುಂದಾಳು ಅವರನ್ನು ಕರೆತಂದ ಮೇಸ್ತ್ರಿ. ಒಂದೊಂದು ಕಡೆಗೆ ಐದೈದು ಜನ, ಒಬ್ಬೊಬ್ಬರಿಗೆ ಮುಷ್ಟಿ ಗಾತ್ರದ ಒಂದೊಂದು ಬುಗುರಿ. ಚಾಟಿ ಸುತ್ತಿ ಬೀಸಿ ಎಸೆಯಬೇಕು. ಯಾರ ಬುಗುರಿ ಮೊದಲು ತಿರುಗುವುದು ನಿಂತು ಮಲಗುತ್ತದೋ ಅದನ್ನು ವೃತ್ತದ ನಡುವೆ ಇಡುತ್ತಾರೆ. ಎದುರಿನವರು ಅದರ ಮೈಗೇ ಮೊಳೆ ನಾಟುವಂತೆ ತಮ್ಮ ಬುಗುರಿ ಎಸೆಯುತ್ತಾರೆ. ಹಾಗೆ ಬಿದ್ದ ಗಾಯಕ್ಕೆ ಗುನ್ನ ಅನ್ನುವುದು. ಗುನ್ನ ತಿಂದು ತಿಂದು ಸೀಳಿದರೆ ಆ ಬುಗುರಿಯ ಆಯುಷ್ಯ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮ ಮಾವನಿಗೇ ಹೇಳಿದ್ದೋ ಏನೋ. ಸೋತವರು ಗೆದ್ದವರಿಗೆ ಕೋಳಿ ಊಟ ಹಾಕಬೇಕು, ಮತ್ತು ಮುಂದಿನ ವರ್ಷದವರೆಗೆ ಅವರ ಮೂದಲಿಕೆ ಕೇಳಬೇಕು.

ಎರಡು ಕಡೆಯ ಹತ್ತೂ ಬುಗುರಿ ನಮ್ಮ ಮನೆಯಿಂದಲೇ ಹೋಗಬೇಕು. ಹತ್ತೂ ಒಂದೇ ಕಾಫಿ ಬೊಡ್ಡೆಯವು, ತಕ್ಕಡಿಗೆ ಹಾಕಿದರೆ ಒಂದೇ ತೂಕದವು. ಮಾವ ಅವನ್ನು ಬುಟ್ಟಿಯಲ್ಲಿ ಹಾಕಿ ಮೇಲೆ ಬಟ್ಟೆ ಮುಚ್ಚಿ ಕಣಕ್ಕೆ ಒಯ್ಯುತ್ತಿದ್ದರು. ಮುಂದಾಳುಗಳು ಬಟ್ಟೆಯೊಳಗೆ ಕೈ ಹಾಕಿ ಒಂದೊಂದಾಗಿ ಎತ್ತಿಕೊಳ್ಳಬೇಕು, ನೋಡಿ ಆರಿಸುವಂತಿಲ್ಲ. ಪಕ್ಕದಲ್ಲಿ ಬಾಳೆಲೆಯ ಮೇಲೆ ಮಾವನ ಉಳಿ ಇರುತ್ತಿತ್ತು. ಬುಗುರಿಯ ಮೇಲೆ ಯಾರಿಗಾದರೂ ಅನುಮಾನ ಬಂದರೆ ಮಾವ ಆ ಉಳಿ ಮುಟ್ಟಿ, ಹತ್ತೂ ನನ್ನ ಕೈಯವು, ಭೇದ ಮಾಡಿಲ್ಲ ಎಂದು ಆಣೆ ಇಡಬೇಕು. ನಾನು ಬಂದ ಮೇಲೆ ಅಂಥದ್ದು ನಡೆದೇ ಇರಲಿಲ್ಲ. ಉಳಿ ಸುಮ್ಮನೆ ಬಿಸಿಲು ಕಾಯಿಸಿ ಮನೆಗೆ ಬರುತ್ತಿತ್ತು.

ಹಿಂದಿನ ವರ್ಷ ಒಂದು ಎಡವಟ್ಟಾಗಿತ್ತು. ಮೇಸ್ತ್ರಿಯ ಕಡೆಯವನೊಬ್ಬ ಮೊದಲ ಸಲ ಎಸೆದಾಗಲೇ ಬುಗುರಿ ತಾನಾಗಿ ಎರಡು ಹೋಳಾಯಿತು. ಒಂದು ಗುನ್ನವೂ ಬಿದ್ದಿರಲಿಲ್ಲ. ಮೇಸ್ತ್ರಿಯವರು ಆ ಎರಡು ಹೋಳನ್ನೂ ತಂದು ನಮ್ಮ ಜಗಲಿಯ ಮೇಲಿಟ್ಟು, ಕೂಗಾಡದೆ, ಬರುವ ವರ್ಷ ಹೀಗಾದರೆ ನಾವು ಬುಗುರಿ ಬೇರೆ ಕಡೆ ಮಾಡಿಸುತ್ತೇವೆ, ನಿಮ್ಮ ಕೈ ಹೋಯಿತೆಂದು ನಾಲ್ಕು ಎಸ್ಟೇಟಿಗೂ ಹೇಳುತ್ತೇವೆ ಎಂದು ಹೋದರು. ಕೂಗಾಡಿದ್ದರೆ ಮಾವ ತಿರುಗಿ ಕೂಗಾಡಿ ಹಗುರಾಗುತ್ತಿದ್ದರು. ಅವರು ಆ ಹೋಳುಗಳನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸುತ್ತ ಕೂತರು.

ನಿಜ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಮಾವನ ಕಣ್ಣಿಗೆ ಪೊರೆ ಬಂದಿತ್ತು. ತಟ್ಟೆಯಲ್ಲಿ ಅನ್ನ ಎಲ್ಲಿದೆ ಸಾರು ಎಲ್ಲಿದೆ ಎಂದು ಬೆರಳಿನಲ್ಲಿ ನೋಡಿಕೊಳ್ಳುತ್ತಿದ್ದರು. ನಾನು ಕಂಡೂ ಕಾಣದವಳಂತೆ ಇರುತ್ತಿದ್ದೆ. ಕಡೆಯುವ ಕೆಲಸ ಮುಕ್ಕಾಲು ಬೆರಳಿನದೇ ಆದ್ದರಿಂದ ಹೇಗೋ ಸಾಗುತ್ತಿತ್ತು. ಮರದ ಮೈಯ ಕೂದಲೆಳೆಯಂಥ ಬಿರುಕು ಮಾತ್ರ ಬೆರಳಿಗೆ ಸಿಗುವುದಿಲ್ಲ. ಕಣ್ಣು ಹೋಗಿದೆ ಎಂದು ಒಬ್ಬರಿಗೆ ತಿಳಿದರೂ ಮರುದಿನದಿಂದ ಕೆಲಸ ಕೊಡುವವರಿಲ್ಲ. ಮಗ ಊರಲ್ಲಿಲ್ಲ. ಆ ಸಲದ ಹತ್ತು ಬುಗುರಿ ಸರಿಯಾಗಿ ಹೋದರೆ ಮಾವನ ಹೆಸರು ಉಳಿಯಿತು, ಒಂದು ತಪ್ಪಿದರೆ ಮುಗಿಯಿತು. ಇಷ್ಟೇ ಲೆಕ್ಕ.

ಬೊಡ್ಡೆ ಆರಿಸಿದ್ದು ಮಳೆಗಾಲಕ್ಕೂ ಮುಂಚೆ. ಮಲ್ಲಂದೂರಿನ ಕಡೆಯ ತೋಟವೊಂದರಲ್ಲಿ ಹಳೆಯ ಗಿಡ ಕಿತ್ತಿದ್ದರು, ಅಲ್ಲಿಂದ ತೊಡೆ ಗಾತ್ರದ ಬೊಡ್ಡೆ ಬಂತು. ಕಾಫಿ ಮರ ಹಸಿಯಲ್ಲಿ ಸಾಧು, ಒಣಗುವಾಗ ಮಹಾ ಹಟಮಾರಿ. ಬಿಸಿಲಿಗಿಟ್ಟರೆ ಸೀಳಿ ನಿಲ್ಲುತ್ತದೆ. ಅದಕ್ಕೆ ಅದನ್ನು ಗೊಬ್ಬರದ ಗುಂಡಿಯಲ್ಲಿ ಹೂತು, ಮಳೆಯೆಲ್ಲ ಕಳೆದ ಮೇಲೆ ತೆಗೆದು, ಭತ್ತದ ಹೊಟ್ಟಿನೊಳಗೆ ಮೂರು ತಿಂಗಳು ಇಟ್ಟಿದ್ದೆವು. ಕೊಯ್ದಾಗ ಹನ್ನೊಂದು ತುಂಡಾಯಿತು. ಹತ್ತು ಕೆಲಸಕ್ಕೆ, ಒಂದು ಕೈಯಲ್ಲಿರಲಿ ಎಂದು.

ಮಾವ ಹತ್ತು ದಿನಕ್ಕೆ ಹತ್ತು ಕಡೆದರು. ಮಧ್ಯೆ ಒಮ್ಮೆ ಹೆಬ್ಬೆರಳು ಕೊಯ್ದುಕೊಂಡು, ಹಗ್ಗ ನೆಟ್ಟಗೆ ಎಳೆಯಲು ಬರುವುದಿಲ್ಲವೇ ಎಂದು ನನ್ನ ಮೇಲೆ ಹಾರಾಡಿದರು. ಹಗ್ಗ ನೆಟ್ಟಗೇ ಇತ್ತು. ನನಗೂ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಅವರ ರಕ್ತ ನೋಡಿ ಅರಿಶಿನ ತರಲು ಎದ್ದೆ. ಕಡೆದಾದ ಮೇಲೆ ಕೊನೆಯ ಕೆಲಸ ಒಂದಿದೆ. ಚಾಟಿ ಜಾರದಂತೆ ಬುಗುರಿಯ ಹೊಟ್ಟೆಯಿಂದ ಮೊಳೆಯ ತುದಿಯವರೆಗೆ ಉಳಿಯ ಮೂಲೆಯಿಂದ ತೆಳ್ಳಗೆ ಒಂದು ಸುತ್ತುಗೆರೆ ಎಳೆಯಬೇಕು. ಹಗ್ಗ ಮೆಲ್ಲಗೆ ಬರುತ್ತಿರಬೇಕು, ಉಳಿ ಒಂದೇ ಉಸಿರಿನಲ್ಲಿ ಜಾರಬೇಕು. ಮಾವನ ಆ ಗೆರೆ ನೋಡಲೆಂದೇ ಜನ ಬುಗುರಿಯನ್ನು ಕೈಗೆತ್ತಿಕೊಳ್ಳುತ್ತಿದ್ದರು. ಅದಾದ ಮೇಲೆ ಮೊಳೆ. ಯುದ್ಧದ ಕಾಲ, ಅಂಗಡಿಯಲ್ಲಿ ಮೊಳೆಯೆಂದರೆ ನಗುತ್ತಿದ್ದರು. ಎತ್ತಿನ ಲಾಳದ ಹಳೆಯ ಮೊಳೆಗಳನ್ನು ಆಯ್ದು, ಕೆಂಪಗೆ ಕಾಯಿಸಿ, ಒಂದೊಂದನ್ನೂ ಮಾವನೇ ಹೊಡೆದರು.

ಆಟದ ಹಿಂದಿನ ದಿನ ಮಧ್ಯಾಹ್ನ ಮಾವ ಚಾಟಿಗೆ ನೂಲು ತರಲು ಕೊಟ್ಟಿಗೆಹಾರಕ್ಕೆ ಹೋದರು. ನಾನು ಜಗಲಿಯಲ್ಲಿ ಕೂತು ಹತ್ತಕ್ಕೂ ಹರಳೆಣ್ಣೆ ಹಚ್ಚುತ್ತಿದ್ದೆ. ಒಂಬತ್ತು ಹೊಳೆದವು. ಹತ್ತನೆಯದಕ್ಕೆ ಎಣ್ಣೆ ತಾಗಿಸಿದಾಗ ಮೊಳೆಯ ಬುಡದಿಂದ ಮೇಲಕ್ಕೆ ಒಂದು ಕಪ್ಪು ಎಳೆ ತಾನಾಗಿ ಮೂಡಿತು. ಒರೆಸಿದೆ. ಹೋಗಲಿಲ್ಲ. ಇನ್ನಷ್ಟು ಎಣ್ಣೆ ಬಿಟ್ಟರೆ ಇನ್ನಷ್ಟು ಉದ್ದವಾಯಿತು. ಎಣ್ಣೆ ಕುಡಿಯುವ ಆ ಬಿರುಕು ಹಿಂದಿನ ವರ್ಷದ್ದೇ ಕಥೆ, ಮೊದಲ ಎಸೆತಕ್ಕೇ ಹೋಳು.

ಅತ್ತೆಯನ್ನು ಕರೆದು ತೋರಿಸಿದೆ. ಅವರು ಬುಗುರಿಯನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಹೋಗಿ ಉಳಿದಿದ್ದ ಹನ್ನೊಂದನೆಯ ತುಂಡನ್ನು ತಂದರು. ಮಾವನಿಗೆ ಹೇಳೋಣ, ಬಂದ ಮೇಲೆ ಅವರೇ ಇನ್ನೊಂದು ಕಡೆಯಲಿ ಎಂದೆ ನಾನು. ಅತ್ತೆಗೆ ಸಿಟ್ಟು ಬಂತು. ಹೇಳಿದರೆ ಆ ಮನುಷ್ಯ ಅಲ್ಲೇ ಕುಸಿದು ಕೂರುತ್ತಾರೆ, ಆ ಕೈಯಲ್ಲಿ ಇನ್ನೊಂದು ಕಡೆದರೆ ಅದೂ ಇದರ ಜಾತಿಯದೇ ಆಗುತ್ತದೆ, ಇರುವುದು ಒಂದೇ ತುಂಡು ಎಂದರು. ಆಮೇಲೆ ತಾವೇ ಹೋಗಿ ಹಗ್ಗದ ಕಡೆ ಕೂತು, ಸೊಂಟಕ್ಕೆ ಸೀರೆ ಬಿಗಿದುಕೊಂಡರು.

‘ನಾನೇ ಉಳಿ ಹಿಡೀಬೇಕಾ?’ ಎಂದು ಕೇಳಿದೆ.

‘ಮತ್ತೆ ಯಾರು, ನಾಯಿ ಹಿಡೀತದಾ? ನಾಲ್ಕು ವರ್ಷ ಕಣ್ಣು ಬಾಯಿ ಬಿಟ್ಕೊಂಡು ನೋಡಿದ್ಯಲ್ಲ. ಕೂತ್ಕೋ, ಅವ್ರು ಬರೋದ್ರೊಳಗೆ ಮುಗೀಬೇಕು.’

ಕೂತೆ. ಮಾವನ ಜಾಗದಲ್ಲಿ ನೆಲ ತಗ್ಗಾಗಿತ್ತು, ಅವರು ಅಷ್ಟು ವರ್ಷ ಕೂತಿದ್ದರು. ಉಳಿ ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅತ್ತೆ ಎಳೆದರು, ನಾನು ಕೊಟ್ಟೆ, ಉಳಿ ಎಗರಿ ಮೊಣಕಾಲಿಗೆ ತಾಗಿತು. ಮತ್ತೆ ಕೊಟ್ಟೆ. ಮೂರನೆಯ ಸಲ ಮರದಿಂದ ಸಿಪ್ಪೆ ಸುರುಳಿಯಾಗಿ ಎದ್ದು ಬಂದಾಗ ಆದ ಸಂತೋಷವನ್ನು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಹೆದರಿಕೆಯೂ ಇತ್ತು, ಸಂತೋಷವೂ ಇತ್ತು, ಎರಡೂ ಸುಳ್ಳಲ್ಲ. ಅತ್ತೆ ಎಳೆಯುತ್ತ ರಸ್ತೆಯ ಕಡೆಗೇ ಕಣ್ಣು ನೆಟ್ಟಿದ್ದರು. ರಸ್ತೆಯಲ್ಲಿ ಯಾರ ತಲೆ ಕಂಡರೂ ಹಗ್ಗ ನಿಲ್ಲುತ್ತಿತ್ತು.

ಹೊಟ್ಟೆ ಬಂತು, ಕುತ್ತಿಗೆ ಬಂತು, ತಕ್ಕಡಿಯಲ್ಲಿ ಇನ್ನೊಂದರ ಎದುರು ಇಟ್ಟು ತೂಕ ಸರಿಮಾಡಿದೆ. ಸುತ್ತುಗೆರೆ ಒಂದೇ ಉಸಿರಿಗೆ ಬಂತು. ಬಿರುಕು ಬಿಟ್ಟ ಬುಗುರಿಯಿಂದ ಮೊಳೆ ಕಿತ್ತು ಒಲೆಯಲ್ಲಿ ಕಾಯಿಸಿ, ಹೊಸದಕ್ಕೆ ಇಟ್ಟು, ಸುತ್ತಿಗೆ ಎತ್ತಿದೆ. ಅದು ಸೀಳಿದರೆ ಇನ್ನೊಂದು ತುಂಡಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡರು. ನಾಲ್ಕು ಪೆಟ್ಟು ಹೊಡೆದೆ, ಹೊಗೆ ಬಂತು, ಮೊಳೆ ಕೂತಿತು. ಎಣ್ಣೆ ಹಚ್ಚಿ ಬಹಳ ಹೊತ್ತು ನೋಡಿದೆವು, ಎಳೆ ಮೂಡಲಿಲ್ಲ. ಬಿರುಕಿನ ಬುಗುರಿಯನ್ನು ಅತ್ತೆ ಒಲೆಗೆ ತಳ್ಳಿದರು. ಮಾವ ನೂಲು ಹಿಡಿದು ಬಂದಾಗ ಅದು ಅನ್ನದ ಮಡಕೆಯ ಕೆಳಗೆ ಕೆಂಡವಾಗಿತ್ತು. ಅವರು ಬುಟ್ಟಿಯಲ್ಲಿ ಹತ್ತನ್ನೂ ಎಣಿಸಿ ಬಟ್ಟೆ ಮುಚ್ಚಿದರು.

ಮರುದಿನ ಕಣದಲ್ಲಿ ಜನವೋ ಜನ. ಕಳಸದ ಕಡೆಯ ತೋಟಗಳಿಂದಲೂ ಬಂದಿದ್ದರು. ಹೆಂಗಸರು ನಾವೆಲ್ಲ ಕಣದ ಅಂಚಿನ ಗೋಡೆಯ ಹತ್ತಿರ ನಿಂತಿದ್ದೆವು. ಹೂಮಳೆ ಇನ್ನೂ ಬಂದಿರಲಿಲ್ಲ, ಗಿಡಗಳೆಲ್ಲ ಬಾಡಿ ನಿಂತಿದ್ದವು, ಕಣ ಕಾದ ಹೆಂಚಾಗಿತ್ತು. ಆಟ ನೋಡಿಕೊಳ್ಳುವುದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಅವರು ಬುಟ್ಟಿಯನ್ನು ನಡುವೆ ಇಡಿಸಿದರು. ಗೌಡರು ಮೊದಲು ಕೈ ಹಾಕಿ ಒಂದು ಎತ್ತಿದರು, ಆಮೇಲೆ ಮೇಸ್ತ್ರಿ, ಆಮೇಲೆ ಗೌಡರು, ಹೀಗೆ. ಕೊನೆಯ ಬುಗುರಿ ಮೇಸ್ತ್ರಿಯ ಪಾಲಿಗೆ ಬಂತು. ಅವರು ಅದನ್ನೇ ತಮಗೆ ಇಟ್ಟುಕೊಂಡರು.

ಅದು ನನ್ನದು ಎಂದು ನನಗೆ ಆಗ ಗೊತ್ತಾಗಲಿಲ್ಲ. ಮೇಸ್ತ್ರಿ ಚಾಟಿ ಸುತ್ತಲು ಶುರುಮಾಡಿದಾಗ ಗೊತ್ತಾಯಿತು. ಅವರು ಸುತ್ತುತ್ತಾರೆ, ಚಾಟಿ ಜಾರುತ್ತದೆ. ಬಿಗಿದು ಸುತ್ತುತ್ತಾರೆ, ಮತ್ತೆ ಜಾರುತ್ತದೆ. ಹೇಗೋ ಸುತ್ತಿ ಬೀಸಿ ಎಸೆದರೆ ಬುಗುರಿ ತಿರುಗದೆ ಕಲ್ಲಿನಂತೆ ಬಿದ್ದು ಉರುಳಿತು. ಊರಿನವರೆಲ್ಲ ಹೋ ಎಂದು ನಕ್ಕರು. ಮೇಸ್ತ್ರಿ ನಗಲಿಲ್ಲ. ಬುಗುರಿ ಎತ್ತಿಕೊಂಡು ತಮ್ಮ ಕಡೆಯವನೊಬ್ಬನ ಬುಗುರಿಯ ಪಕ್ಕ ಹಿಡಿದು ನೋಡತೊಡಗಿದರು.

ನನಗೆ ಅಲ್ಲಿಯೇ ಹೊಳೆಯಿತು. ಮಾವನ ಕೈ ಗೆರೆ ಎಳೆಯುವಾಗ ಬಲದಿಂದ ಎಡಕ್ಕೆ ಹೋಗುತ್ತದೆ. ಎದುರಿಗೆ ಕೂತು ಕಲಿತ ನನಗೆ ಅದು ಎಡದಿಂದ ಬಲಕ್ಕೆ ಹೋದ ಹಾಗೆ ಕಂಡಿದೆ. ಅವರ ಜಾಗದಲ್ಲಿ ಕೂತಾಗಲೂ ನನ್ನ ಕೈ ನನ್ನ ಕಣ್ಣು ಕಲಿತದ್ದನ್ನೇ ಮಾಡಿದೆ. ಒಂಬತ್ತು ಬುಗುರಿಯ ಗೆರೆ ಒಂದು ದಿಕ್ಕಿಗೆ ಸುತ್ತಿದೆ, ನನ್ನದು ಉಲ್ಟಾ ಸುತ್ತಿದೆ. ತೂಕ ನೋಡಿದೆ, ಬಿರುಕು ನೋಡಿದೆ, ಇದನ್ನು ನೋಡಲಿಲ್ಲ. ನನ್ನ ತಲೆಗೆ ನಾನೇ ಬಡಿದುಕೊಳ್ಳಬೇಕು ಅನ್ನಿಸಿತು.

ಮೇಸ್ತ್ರಿ ಎರಡು ಬುಗುರಿಯನ್ನೂ ಎತ್ತಿ ಎಲ್ಲರಿಗೂ ತೋರಿಸಿದರು. ಅವರ ದನಿ ಹಿಂದಿನ ವರ್ಷದ ಹಾಗೇ ತಣ್ಣಗಿತ್ತು.

‘ಒಂಬತ್ತು ಒಂದು ಕೈಯದ್ದು, ಇದೊಂದು ಬೇರೆ ಕೈಯದ್ದು ಉಂಟು. ಬಟ್ಟೆಯ ಒಳಗೆ ಬೆರಳಾಡಿಸಿದ್ರೆ ಗೊತ್ತಾಗ್ತದೆ. ಗೌಡ್ರಿಗೆ ಮೊದಲೇ ಗೊತ್ತಿತ್ತು, ಅವ್ರು ಬಿಟ್ರು, ನಮಗೆ ಬಂತು. ಅಲ್ಲವಾ?’

ಗೌಡರು ಕೆಂಪಾಗಿ ಎದ್ದು ಬಂದರು. ಕಣದ ಆ ಕಡೆ ಈ ಕಡೆ ಇದ್ದವರೆಲ್ಲ ನಡುವಿಗೆ ಸರಿದರು. ತೋಟದ ಕೆಲಸದವರ ಸೊಂಟದಲ್ಲಿ ಕತ್ತಿ ಇದ್ದೇ ಇರುತ್ತದೆ. ಯಾರೂ ಅದಕ್ಕೆ ಕೈ ಹಾಕಿರಲಿಲ್ಲ, ಆದರೆ ಎಲ್ಲರ ಕೈಯೂ ಸೊಂಟದ ಹತ್ತಿರಕ್ಕೆ ಬಂದಿತ್ತು. ರೈಟರು ಎರಡೂ ಕೈ ಎತ್ತಿ, ಜಗಳ ಬೇಡ, ಇದಕ್ಕೊಂದು ಕ್ರಮ ಇದೆಯಲ್ಲ, ಆಚಾರ್ರು ಉಳಿ ಮುಟ್ಟಿ ಹೇಳಲಿ, ಹತ್ತೂ ಅವರ ಕೈಯದೇ ಎಂದಾದರೆ ಆಟ ಮುಂದುವರಿಯಲಿ, ಅಲ್ಲವೆಂದಾದರೆ ಇನ್ನು ಅವರ ಬುಗುರಿ ಈ ಕಣಕ್ಕೆ ಬೇಡ ಎಂದರು.

ಮಾವ ಮುಂದೆ ಬಂದರು. ಅವರಿಗೆ ಏನೂ ಅನುಮಾನವಿರಲಿಲ್ಲ, ಮುಖದಲ್ಲಿ ಬರಿಯ ಸಿಟ್ಟು. ಹತ್ತೂ ತಾವೇ ಕಡೆದದ್ದೆಂದು ಅವರಿಗೆ ನಂಬಿಕೆ. ಸುಳ್ಳಾಣೆ ಇಟ್ಟ ಕೈಗೆ ಮತ್ತೆ ಉಳಿ ಒಲಿಯುವುದಿಲ್ಲ ಎಂದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ಆ ಆಣೆಯನ್ನು ಅವರ ಬಾಯಿಂದ ಈಗ ನಾನು ಹೇಳಿಸುತ್ತಿದ್ದೇನೆ. ಕೂಗಿ ಹೇಳಬೇಕು. ಹೇಳಿದರೆ, ಸೊಸೆಯ ಕೈಯಲ್ಲಿ ಉಳಿ ಕೊಟ್ಟು ಬುಗುರಿ ಮಾಡಿಸಿದ ಕುರುಡ ಎಂದು ಇನ್ನೂರು ಜನ ನಗುತ್ತಾರೆ, ಮನೆಗೆ ಇನ್ನು ಒಂದು ಮಂಚದ ಕಾಲೂ ಬರುವುದಿಲ್ಲ. ಅತ್ತ ದರಿ ಇತ್ತ ಪುಲಿ. ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದರು. ಅವರ ಉಗುರು ನನ್ನ ಚರ್ಮದೊಳಗೆ ಇಳಿದಿತ್ತು.

ಮಾವ ಬುಗುರಿ ಕೇಳಿ ತೆಗೆದುಕೊಂಡರು. ಅಂಗೈಯಲ್ಲಿಟ್ಟು ತೂಕ ನೋಡಿದರು. ಆಮೇಲೆ ಕೊಯ್ದ ಹೆಬ್ಬೆರಳನ್ನು ಕುತ್ತಿಗೆಯಿಂದ ಕೆಳಗೆ ಇಳಿಸಿದರು. ಹೆಬ್ಬೆರಳು ಗೆರೆಯ ಮೇಲೆ ಬಂದು ನಿಂತಿತು. ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಬಂತು. ಅವರ ಮುಖದ ಸಿಟ್ಟು ಇಳಿದುಹೋದದ್ದನ್ನು ನಾನು ಗೋಡೆಯ ಹತ್ತಿರದಿಂದಲೇ ಕಂಡೆ.

‘ಮಾವಾ’ ಎಂದೆ. ಅಷ್ಟೇ ಬಂತು.

ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆ ದೂರಕ್ಕೆ ಅವರಿಗೆ ನಾನು ಕಾಣುವ ಹಾಗಿರಲಿಲ್ಲ. ಆಮೇಲೆ ಬಗ್ಗಿ, ಬಾಳೆಲೆಯನ್ನು ತಡವಿ, ಉಳಿಯ ಮೇಲೆ ಬಲಗೈ ಇಟ್ಟರು.

‘ಹತ್ತೂ ನನ್ನ ಕೈಯವೇ. ಇದೂ ನಂದೇ. ವಯಸ್ಸಾಯ್ತು ಮೇಸ್ತ್ರಿಗಳೇ, ಒಂದು ಸಲ ಕೈ ತಪ್ಪಿ ಆ ಕಡೆಯಿಂದ ಗೆರೆ ಎಳ್ದುಬಿಟ್ಟಿದೆ. ಭೇದ ಮಾಡಿಲ್ಲ. ಉಳಿ ಮೇಲಾಣೆ.’

ಮಾವ ಚಾಟಿ ಕೇಳಿ ಪಡೆದು, ಎಲ್ಲರೂ ಸುತ್ತುವ ದಿಕ್ಕಿಗೆ ವಿರುದ್ಧವಾಗಿ ಸುತ್ತಿದರು. ಚಾಟಿ ಗೆರೆಯೊಳಗೆ ಹೋಗಿ ಕೂತಿತು. ಅವರು ಕೈಯನ್ನು ತಲೆಯ ಮೇಲೆ ಎತ್ತಿ, ಒಳಗಡೆಗಲ್ಲದೆ ಹೊರಗಡೆಗೆ ಬೀಸಿ ಎಸೆದರು. ಬುಗುರಿ ನೆಲ ಮುಟ್ಟಿ ಒಮ್ಮೆ ಹಾರಿ, ನಿಂತಲ್ಲೇ ನಿಂತು, ಗುಂಯ್ ಎಂದು ತಿರುಗತೊಡಗಿತು. ಅಲುಗಲಿಲ್ಲ. ಎಷ್ಟು ಹೊತ್ತು ತಿರುಗಿತೆಂದರೆ ಮೇಸ್ತ್ರಿಯವರೇ ಬಗ್ಗಿ ಅಂಗೈಗೆ ಎತ್ತಿಕೊಂಡು, ಅದು ಅಲ್ಲಿಯೂ ತಿರುಗುತ್ತಿದ್ದುದನ್ನು ನೋಡಿ, ತಲೆ ಅಲ್ಲಾಡಿಸಿದರು. ಆಮೇಲೆ ಅವರು ಮಾವನ ಮೊಣಕೈ ಮುಟ್ಟಿ, ತಪ್ಪು ತಿಳಿದೆ ಆಚಾರ್ರೇ ಎಂದು ಮೆಲ್ಲಗೆ ಹೇಳಿದರಂತೆ. ಅದನ್ನು ನಾನು ಕೇಳಲಿಲ್ಲ, ರೈಟರು ಆಮೇಲೆ ಹೇಳಿದ್ದು.

ಆಟ ಸಂಜೆಯವರೆಗೆ ನಡೆಯಿತು. ಆ ಬುಗುರಿ ಏಳು ಗುನ್ನ ತಿಂದೂ ಸೀಳಲಿಲ್ಲ, ಮೇಸ್ತ್ರಿಯ ಕಡೆ ಗೆದ್ದಿತು, ಗೌಡರು ಕೋಳಿ ಕೊಯ್ಯಿಸಿದರು. ನನಗೆ ಅದೊಂದೂ ಬೇಕಾಗಿರಲಿಲ್ಲ. ಗೋಡೆಗೆ ಒರಗಿ ನಿಂತು, ನಿನ್ನ ಬಾಯಿ ಇಷ್ಟು ದಿನ ಯಾವ ಘನಂದಾರಿಗೆ ಇತ್ತು ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಅವರು ತಿಳಿದೂ ತಿಳಿದೂ ಹೇಳಿದ ಸುಳ್ಳು ಅದು. ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕತ್ತಲಾಗುವಾಗ ಮನೆಗೆ ಬಂದೆವು. ಮಾವ ಕಾಲು ತೊಳೆದು, ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ದೇವರ ಮುಂದಿಟ್ಟು, ಊಟ ಮಾಡಿ ಮಲಗಿದರು. ನಾನು ಎರಡು ಸಲ ಹತ್ತಿರ ಹೋಗಿ ನಿಂತೆ. ಎರಡು ಸಲವೂ ಅವರು ಗೋಡೆಯ ಕಡೆ ತಿರುಗಿದರು.

ಬೆಳಿಗ್ಗೆ ಮುಸುರೆ ತೊಳೆದು ಬಂದು ನೋಡುತ್ತೇನೆ, ತಿರುಗಣಿಯ ಮೊನೆಗಳ ನಡುವೆ ಮಂಚದ ಕಾಲಿಗೆಂದು ತಂದಿದ್ದ ತುಂಡು ಸಿಕ್ಕಿಸಿಯಾಗಿದೆ. ಮಾವ ಕೂತಿದ್ದಾರೆ. ಕೂತಿರುವುದು ಹಗ್ಗದ ಕಡೆ. ಹಗ್ಗದ ಎರಡು ತುದಿಯೂ ಅವರ ಕೈಯಲ್ಲಿವೆ. ಎದುರಿನ ತಗ್ಗು ಖಾಲಿ ಇತ್ತು, ಅದರ ಪಕ್ಕ ನೆಲದ ಮೇಲೆ ಉಳಿ ಇತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

‘ಸುಳ್ಳಾಣೆ ಇಟ್ಟ ಕೈ ಇದು. ಇನ್ನು ಇದಕ್ಕೆ ಹಗ್ಗವೇ ಸೈ. ಕೂತ್ಕೋ’ ಎಂದರು ಮಾವ.

ತಪ್ಪು ನನ್ನದು ಮಾವ, ನಾನು ಬಾಯಿ ಬಿಡಬೇಕಿತ್ತು, ನಿಮ್ಮ ಕೈ ಯಾಕೆ ಬಿಡಬೇಕು ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ನಾನು ಸುಮ್ಮನಾಗುವವರೆಗೂ ಹಗ್ಗ ಹಿಡಿದು ಕಾದರು. ಕೊನೆಗೆ ನಾನು ಕೂತೆ. ಅವರು ಎಳೆದರು. ಮರ ತಿರುಗಿತು. ನನ್ನ ಕಣ್ಣಲ್ಲಿ ನೀರು ತುಂಬಿ ಮರವೂ ಕಾಣಲಿಲ್ಲ, ಉಳಿಯೂ ಕಾಣಲಿಲ್ಲ, ಕೊಟ್ಟ ಉಳಿ ಕರ್ರೆಂದು ಅಡ್ಡ ಹೋಯಿತು. ಆ ಸದ್ದು ಕೇಳಿದ್ದೇ ಮಾವ ಹಗ್ಗ ನಿಲ್ಲಿಸಿದರು.

‘ಕಣ್ಣೊರೆಸ್ಕೋ ಮಾರಾಯ್ತಿ’ ಎಂದರು. ‘ಇಲ್ಲಿ ಒಬ್ರಿಗಾದ್ರೂ ಕಣ್ಣು ಕಾಣ್ಬೇಕಲ್ಲ.’